ಮಟ್ಟಿ ಅಗೆಯುವವರದೇ ಗರಡಿ

ಕೇಳುಗ ಬಂಧುಗಳೇ, ನಮಸ್ಕಾರ. ಮೈಸೂರಿನ ಗರಡಿಮನೆಗಳ ಬಗ್ಗೆ ಹೇಳಬೇಕಾದದ್ದು ಒಂದೇ ಮಾತು: ಮಟ್ಟಿಯನ್ನು, ಅಂದರೆ ಅಖಾಡದ ಕುಸ್ತಿ ಮಣ್ಣನ್ನು, ಎಲ್ಲರೂ ಅಗೆದರೆ ಗರಡಿ ಉಳಿಯುತ್ತದೆ. ದಸರೆ ಬಂತೆಂದರೆ ದೊಡ್ಡಕೆರೆ ಮೈದಾನಕ್ಕೆ ಕುಸ್ತಿ ನೋಡಲು ನುಗ್ಗುತ್ತೇವೆ. ನಮ್ಮ ಬೀದಿಯ ಗರಡಿಯ ಬಾಗಿಲು ತೆರೆದಿದೆಯೇ ಎಂದು ಮಾತ್ರ ಕೇಳುವುದಿಲ್ಲ.

ಮೊದಲು ಮಣ್ಣು. ಕೆಮ್ಮಣ್ಣನ್ನು ಎರಡು ಸಲ ಜರಡಿ ಹಿಡಿಯಿರಿ, ಒಂದು ಹರಳೂ ಉಳಿಯಬಾರದು. 20 ಅಡಿ ಚೌಕದ ಅಖಾಡಕ್ಕೆ ಒಂದಡಿ ಆಳ ತುಂಬಲು 400 ಘನ ಅಡಿ ಮಣ್ಣು ಬೇಕು. ಅದಕ್ಕೆ ಅರಿಶಿನ, ಬೇವಿನ ಪುಡಿ, ಕರ್ಪೂರ, ಎಣ್ಣೆ, ಮಜ್ಜಿಗೆ, ನಿಂಬೆರಸ ಬೆರೆಸಿ ತುಳಿಯಬೇಕು. ಹದ ಬಂತೇ ಎಂದು ತಿಳಿಯಲು ಹಿಡಿಯಲ್ಲಿ ಒತ್ತಿ ನೋಡಿ: ಉಂಡೆ ಕಟ್ಟಬೇಕು, ಬೆರಳು ತಾಗಿಸಿದರೆ ಉದುರಬೇಕು. ನೀರು ಹೆಚ್ಚಾದರೆ ಮಣ್ಣು ಮೈಗೆ ಮೆತ್ತಿ ಪಟ್ಟು ಜಾರುತ್ತದೆ. ಕಡಿಮೆಯಾದರೆ ದೂಳೆದ್ದು ಕೆಮ್ಮು ಬರುತ್ತದೆ.

ಇದನ್ನು ದಿನವೂ ಗುದ್ದಲಿ ಹಾಕಿ ಮಗುಚಬೇಕು. ನಾಲ್ಕು ದಿನ ಬಿಟ್ಟರೆ ಮೇಲ್ಪದರ ಗಟ್ಟಿಯಾಗುತ್ತದೆ, ಚಿತ್ತಾಗಿ ಬಿದ್ದ ಹುಡುಗನ ಭುಜ ಉಳುಕುತ್ತದೆ. ಆಮೇಲೆ ತಾಯಂದಿರು ಮಕ್ಕಳನ್ನು ಕಳಿಸುವುದಿಲ್ಲ. ಗರಡಿ ಮುಚ್ಚುವುದು ಹೀಗೆ.

ವಿಜಯದಶಮಿಯಂದು ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗವನ್ನೇ ನೋಡಿ. ತಲೆ ಬೋಳಿಸಿಕೊಂಡ ಜಟ್ಟಿಗಳು ಎರಡು ಜೋಡಿಯಾಗಿ ಕೆಮ್ಮಣ್ಣಿನ ಅಖಾಡಕ್ಕೆ ಇಳಿಯುತ್ತಾರೆ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರದಿಂದ ಬಂದವರು. ಬಲಗೈಯಲ್ಲಿ ವಜ್ರನಖ, ಬೆರಳುಗಳಿಗೆ ತೊಡುವ ಮೊನಚಾದ ಆಯುಧ. ಎದುರಾಳಿಯ ತಲೆಯಿಂದ ರಕ್ತದ ಹನಿ ಚಿಮ್ಮಿತೋ, ಕಾಳಗ ಅಲ್ಲಿಗೇ ಮುಗಿಯಿತು. ನಿಮಿಷವೂ ಹಿಡಿಯದೆ ಮುಗಿದುಹೋಗಬಹುದು! ಅಷ್ಟರಿಂದಾಚೆಗೆ ಜಂಬೂ ಸವಾರಿಯ ಸಡಗರ. ಆ ಒಂದು ಏಟಿನ ಹಿಂದೆ ತಲೆಮಾರುಗಳ ಸಾಮು ಇದೆ. 1971ರಲ್ಲಿ ಮಾಜಿ ಅರಸರಿಗೆ ಸರ್ಕಾರ ಕೊಡುತ್ತಿದ್ದ ರಾಜಧನವೇ ರದ್ದಾಯಿತು, ಈ ಕಾಳಗ ನಿಲ್ಲಲಿಲ್ಲ. ಜಟ್ಟಿ ಮನೆತನಗಳು ಅದನ್ನು ತಮ್ಮದೆಂದುಕೊಂಡವು, ಅದಕ್ಕೇ ಉಳಿಯಿತು. ಬೀದಿಯ ಗರಡಿಗೂ ಬೇಕಾದದ್ದು ಅದೇ. ಒಬ್ಬ ಧಣಿಯ ಜೇಬನ್ನು ನಂಬಿದ ಗರಡಿ ಆ ಧಣಿಯೊಂದಿಗೇ ಹೋಗುತ್ತದೆ.

ಸಮಯ ಮುಗಿಯುತ್ತಾ ಬಂತು, ಲೆಕ್ಕಪತ್ರದ ಮಾತು ಚುಟುಕಾಗಿ ಹೇಳುತ್ತೇನೆ. ಬೀಗದ ಕೈ ಕನಿಷ್ಠ ಮೂವರ ಹತ್ತಿರ ಇರಲಿ. ತಿಂಗಳ ಖರ್ಚನ್ನು ಗೋಡೆಯ ಮೇಲೆ ಬರೆಯಿರಿ. ಮನೆಗೊಂದಿಷ್ಟು ವಂತಿಗೆ ಎತ್ತಿ. ದುಡ್ಡಿಲ್ಲದವರು ಎಣ್ಣೆಯನ್ನೋ ಅರಿಶಿನವನ್ನೋ ಕೊಡಲಿ. ಅಗೆಯುವ ಸರದಿಗೆ ಮಾತ್ರ ವಿನಾಯಿತಿ ಬೇಡ. ಪದಕ ಗೆದ್ದ ಪೈಲ್ವಾನರೂ ತಮ್ಮ ಸರದಿಯ ದಿನ ಬೆಳಗಿನ ಐದಕ್ಕೆ ಗುದ್ದಲಿ ಹಿಡಿಯಲಿ.