ಊಟ ಆತೇನ್ರಿ?

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಹುಬ್ಬಳ್ಳಿಯಲ್ಲಿ ಕೂತು ಅಮೆರಿಕದವರ ಜೊತೆ ಕೆಲಸ ಮಾಡುವವಳು. ತಂಡದ ಅರ್ಧ ಮಂದಿ ಟೆಕ್ಸಾಸ್‌ನ ಡಲ್ಲಾಸ್‌ನಲ್ಲಿದ್ದಾರೆ. ಅಲ್ಲಿ ಬೆಳಿಗ್ಗೆ 9 ಗಂಟೆ ಅಂದ್ರೆ ಇಲ್ಲಿ ಸಂಜೆ ಏಳೂವರೆ. ನವೆಂಬರ್ ಮೊದಲ ರವಿವಾರ ಅವರು ಗಡಿಯಾರವನ್ನು ಒಂದು ತಾಸು ಹಿಂದಕ್ಕೆ ತಿರುವುತ್ತಾರೆ. ಅವತ್ತಿನಿಂದ ನನಗೆ ಎಂಟೂವರೆ. ನಮ್ಮ ಅತ್ತೆಗೆ ಇದು ಇನ್ನೂ ಒಪ್ಪಿಗೆಯಾಗಿಲ್ಲ. "ಗಡಿಯಾರ ತಿರುವಿದ್ರ ಸೂರ್ಯ ಕೇಳ್ತಾನೇನ?" ಅಂತಾರೆ.

ಮೀಟಿಂಗಿಗೆ ಎಲ್ಲರೂ ಸೇರುವವರೆಗೆ ಐದು ನಿಮಿಷ ಹರಟೆ ಇದ್ದೇ ಇರುತ್ತದೆ. ಹಾಗೇ ಒಂದು ದಿನ ಅಲ್ಲಿನ ಸಹೋದ್ಯೋಗಿಯೊಬ್ಬಳು, "ಮೂರು ವಾರ ರಜೆ ಸಿಕ್ಕಿದೆ, ಏಷ್ಯಾ ನೋಡಿ ಬರ್ತೀನಿ" ಅಂದಳು. ಟೋಕಿಯೊ, ಬ್ಯಾಂಕಾಕ್, ದೆಹಲಿ, ಕೊನೆಗೆ ಹುಬ್ಬಳ್ಳಿ! ನನಗೆ ನಗು ಬಂತು. ಹುಬ್ಬಳ್ಳಿ ಧಾರವಾಡದ ನಡುವೆ ಇರೋದೇ 20 ಕಿಲೋಮೀಟರ್. ಅಷ್ಟರಲ್ಲೇ ಅವರ ಮಾತು ಬೇರೆ, ನಮ್ಮ ಮಾತು ಬೇರೆ ಅಂತ ವಾದ ಮಾಡುವವರು ನಾವು. ಆದ್ರೆ ನಾನೇನು ಕಡಿಮೆ? "ಅಮೆರಿಕದಾಗ ಹಿಂಗ ಇರ್ತದ" ಅಂತ ಮನೆಯಲ್ಲಿ ಎಷ್ಟು ಸಲ ಹೇಳಿಲ್ಲ!

ಅವಳಿಗೆ ಸಾವಿರ ಪ್ರಶ್ನೆ. ನೀರು ಕುಡಿಯಬಹುದಾ? ಯಾವ ಇಂಜೆಕ್ಷನ್ ಬೇಕು? ಅದನ್ನು ನಿಮ್ಮ ಡಾಕ್ಟರನ್ನೇ ಕೇಳು ಅಂದೆ. ಕೂದಲು ಒಣಗಿಸುವ ಮಷಿನ್ ಮಾತ್ರ ತರಬೇಡ ಅಂದೆ. ಅವರ ಕರೆಂಟು 120 ವೋಲ್ಟ್, ನಮ್ಮದು 230. ಹಚ್ಚಿದ ಕೂಡಲೇ ಸುಟ್ಟು ಹೋಗುತ್ತದೆ.

ಒಂದು ದಿನ ಅವಳೇ ಕೇಳಿದಳು. "ದಿನಾ ನನ್ನ ಊಟ ಆಯ್ತಾ ಅಂತ ಯಾಕೆ ಕೇಳ್ತೀಯ? ಇಲ್ಲಿ ಬೆಳಿಗ್ಗೆ 9 ಗಂಟೆ." ಹೌದಲ್ವಾ! ನಾನು ಕೇಳುತ್ತಿದ್ದುದು ಅನ್ನದ ವಿಚಾರವೇ ಅಲ್ಲ. ನಮ್ಮ ಕಡೆ "ಊಟ ಆತೇನ್ರಿ?" ಅಂದ್ರೆ ನಮಸ್ಕಾರ ಇದ್ದ ಹಾಗೆ. ಉಂಡಿರಲಿ, ಬಿಡಲಿ, "ಆತ್ರಿ" ಅನ್ನಬೇಕು. ಚೀನಾದಲ್ಲೂ ಹಳಬರು ಹೀಗೇ ಕೇಳುತ್ತಾರಂತೆ.

ಅವಳು ಬಿಡಲಿಲ್ಲ. "ಹಾಗಾದ್ರೆ ನಾವು 'ಹೌ ಆರ್ ಯು' ಅಂದ್ರೆ ನೀನ್ಯಾಕೆ ನಿಜ ಹೇಳ್ತೀಯ?" ಅಂದಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಯಾರೋ ಹಾಗೆ ಕೇಳಿದ್ದರು. ನಾನು ಸೊಂಟನೋವಿನ ಕತೆ ಪೂರ್ತಿ ಹೇಳಿದ್ದೆ. ಆ ಕಡೆ ಯಾರೂ ಉಸಿರೆತ್ತಿರಲಿಲ್ಲ.

ಅಂತೂ ಬಂದಳು. ಹುಬ್ಬಳ್ಳಿ ಸ್ಟೇಷನ್‌ನಲ್ಲಿ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ನೋಡಲೇಬೇಕು, ಜಗತ್ತಿನಲ್ಲೇ ಉದ್ದದ್ದಲ್ವಾ ಅಂದಳು. ಈ ತುದಿಯಿಂದ ಆ ತುದಿಗೆ ನಡೆದೆವು. ಈ ಊರಲ್ಲೇ ಇದ್ದರೂ ನಾನು ನಡೆದಿದ್ದು ಅದೇ ಮೊದಲು.

ಮನೆಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಎರಡು ರೊಟ್ಟಿ ಆದಮೇಲೆ "ನೋ, ಥ್ಯಾಂಕ್ಯೂ" ಅಂದಳು. ಅತ್ತೆ "ನಾಚಿಕೋಬ್ಯಾಡವಾ, ಉಣ್ಣು" ಅಂತ ಇನ್ನೊಂದು ಹಾಕಿದರು. ಮತ್ತೆ ಬೇಡ ಅಂದಳು, ಮತ್ತೊಂದು ಬಿತ್ತು. ಬಡಿಸಿದ್ದನ್ನು ಬಿಟ್ಟರೆ ತಪ್ಪಾದೀತು ಅಂತ ಪಾಪ ತಿನ್ನುತ್ತಲೇ ಇದ್ದಳು. ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿದರೇನೇ ಸಾಕು ಅಂತ ಅರ್ಥ. ಅದನ್ನು ಹೇಳಲು ನಾನು ಮರೆತಿದ್ದೆ. ಡಲ್ಲಾಸ್‌ಗೆ ಹೋದಾಗ ನನಗಾದದ್ದು ಇದರ ಉಲ್ಟಾ. ಒಬ್ಬರ ಮನೆಯಲ್ಲಿ ಸುಮ್ನೆ ಮರ್ಯಾದೆಗೆ ಒಂದು ಸಲ ಬೇಡ ಅಂದೆ. ಇನ್ನೊಂದು ಸಲ ಕೇಳಬಹುದು ಅಂತ ಕಾದೆ. ಅವರು ಪಾತ್ರೆಯನ್ನೇ ಒಳಗೆ ಒಯ್ದರು! ರಾತ್ರಿ ಹೋಟೆಲ್ ರೂಮಿನಲ್ಲಿ ಬಿಸ್ಕಿಟ್ ತಿಂದು ಮಲಗಿದೆ.

ಕಳೆದ ವಾರ ಮೀಟಿಂಗ್ ಶುರುವಾಗುವ ಮೊದಲು ಆ ಕಡೆಯಿಂದ "ಊಟ ಆತೇನ್ರಿ?" ಅಂತ ದನಿ ಬಂತು. ಕುಕ್ಕರ್ ಇನ್ನೂ ಸೀಟಿ ಹೊಡೆದಿರಲಿಲ್ಲ. ರೂಢಿ ನೋಡಿ, "ಆತ್ರಿ" ಅಂದೆ. "ಏನ್ ಮಾಡಿದ್ರಿ ಅಡಿಗಿ?" ಅಂದಳು. ಅದನ್ನೂ ನಮ್ಮ ಅತ್ತೆಯೇ ಕಲಿಸಿ ಕಳಿಸಿದ್ದರು.

ಬರ್ತೀನ್ರಿ, ನಮಸ್ಕಾರ.