ಹಳೆಯ ಜಿಪ್ಸಿಯ ಗೇರ್‌ಬಾಕ್ಸ್ ಎಷ್ಟು ಸವೆದಿದೆ?

ಕೇಳುಗರೆಲ್ಲರಿಗೂ ನಮಸ್ಕಾರ. 1985ರಲ್ಲಿ ಮಾರುಕಟ್ಟೆಗೆ ಬಂದ ಮಾರುತಿ ಜಿಪ್ಸಿ ತಯಾರಿಕೆ ನಿಂತ ಮೇಲೂ ಕೊಡಗು, ಸಕಲೇಶಪುರ, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ದುಡಿಯುತ್ತಲೇ ಇದೆ. ಇಂತಹ ಗಾಡಿಯನ್ನು ಕೊಳ್ಳುವವರು ಬಣ್ಣ ಮತ್ತು ತುಕ್ಕನ್ನು ನೋಡುವಷ್ಟು ಶ್ರದ್ಧೆಯಿಂದ ಅದರ ಗೇರ್‌ಬಾಕ್ಸನ್ನು ನೋಡುವುದಿಲ್ಲ. ಕೊಂಡ ಮೇಲೆ ಸದ್ದು ಕೇಳಿದೊಡನೆ ಅದನ್ನು ಇಳಿಸಿ ಬಿಚ್ಚಿಸುತ್ತಾರೆ. ಸವೆತ ಯಾವ ಭಾಗದಲ್ಲಿದೆ ಎಂಬುದನ್ನು ಬಿಚ್ಚುವ ಮುನ್ನವೇ ಬಹುಮಟ್ಟಿಗೆ ತಿಳಿಯಬಹುದು, ತಿಳಿಯಲೇಬೇಕು.

ಜಿಪ್ಸಿಯಲ್ಲಿ ಗೇರ್‌ಬಾಕ್ಸ್ ಬೇರೆ, ಶಕ್ತಿಯನ್ನು ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್ ಎಂಬ ಪೆಟ್ಟಿಗೆ ಬೇರೆ. ಎರಡನ್ನೂ ಒಂದು ಗಿಡ್ಡ ಶಾಫ್ಟ್ ಜೋಡಿಸುತ್ತದೆ. ಟ್ರಾನ್ಸ್‌ಫರ್ ಕೇಸ್‌ನಿಂದ ಚಕ್ರಗಳ ಕಡೆಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಮುಂದಕ್ಕೊಂದು, ಹಿಂದಕ್ಕೊಂದು ಹೋಗುತ್ತವೆ. ಹೀಗಾಗಿ ಆಕ್ಸಿಲರೇಟರ್ ಬಿಟ್ಟು ಒತ್ತಿದಾಗ ಕೇಳುವ 'ಠಕ್' ಎಂಬ ಸದ್ದಿಗೆ ಹಲವು ಮೂಲಗಳಿರಬಹುದು. ಸಮತಟ್ಟಾದ ನೆಲದಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ, ನಾಲ್ಕೂ ಚಕ್ರಗಳಿಗೆ ಕಲ್ಲು ಕೊಟ್ಟು, ಕೆಳಗೆ ಮಲಗಿ ಒಂದೊಂದು ಶಾಫ್ಟನ್ನೂ ಕೈಯಿಂದ ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿರಿ. ಶಾಫ್ಟಿನ ತುದಿಯ ಕೀಲಾದ ಕ್ರಾಸ್‌ನ ಒಂದು ಬದಿ ಅಲುಗಿದ ಮೇಲೆ ತುಸು ತಡೆದು ಇನ್ನೊಂದು ಬದಿ ಅಲುಗಿದರೆ, ಸವೆದಿರುವುದು ಆ ಕ್ರಾಸ್. ಟ್ರಾನ್ಸ್‌ಫರ್ ಕೇಸ್ ಅನ್ನು ಹಿಡಿದಿರುವ ಮೂರು ರಬ್ಬರ್ ಮೌಂಟಿಂಗ್‌ಗಳಲ್ಲಿ ಒಂದು ಹರಿದಿದ್ದರೂ ಇಡೀ ಪೆಟ್ಟಿಗೆ ಅಲುಗಾಡಿ, ಒಳಗೆ ಹಲ್ಲೇ ಮುರಿದಂತೆ ಕೇಳಿಸುತ್ತದೆ. ಇವೆರಡೂ ದೊಡ್ಡ ಖರ್ಚಿನ ಕೆಲಸಗಳಲ್ಲ. ಆದ್ದರಿಂದಲೇ ಮೊದಲು ನೋಡಬೇಕಾದವು ಇವು.

ಗೇರ್‌ಬಾಕ್ಸಿನ ವಿಷಯದಲ್ಲಿ ಕಿವಿಯೇ ಮೊದಲ ಸಾಧನ. ನ್ಯೂಟ್ರಲ್‌ನಲ್ಲಿ ಎಂಜಿನ್ ಓಡುತ್ತಿರುವಾಗ ಕೇಳುವ ಗರಗರ ಸದ್ದು ಕ್ಲಚ್ ಒತ್ತಿದೊಡನೆ ನಿಂತರೆ, ಎಂಜಿನ್ನಿನಿಂದ ಶಕ್ತಿ ತರುವ ಇನ್‌ಪುಟ್ ಶಾಫ್ಟ್ ಅಥವಾ ಅದರ ಪಕ್ಕದಲ್ಲಿ ಹಲ್ಲುಗಳ ಮೂಲಕ ತಿರುಗುವ ಲೇ ಶಾಫ್ಟ್‌ನ ಬೇರಿಂಗ್ ಮೇಲೆ ಸಂಶಯ ಪಡಬೇಕು. ಒತ್ತಿದಾಗಲೇ ಸದ್ದು ಹುಟ್ಟಿದರೆ ಅದು ಕ್ಲಚ್ ರಿಲೀಸ್ ಬೇರಿಂಗ್. 1996ರಿಂದ ಬಂದ 1.3 ಲೀಟರ್ ಎಂಜಿನ್ನಿನ ಜಿಪ್ಸಿ ಕಿಂಗ್‌ನಲ್ಲಿ ನಾಲ್ಕನೆಯ ಗೇರ್ ನೇರ ಗೇರ್, ಅಂದರೆ ಶಕ್ತಿ ಲೇ ಶಾಫ್ಟ್‌ನ ಹಲ್ಲುಗಳನ್ನು ಹಾಯದೆ ನೇರವಾಗಿ ಹೊರಟುಹೋಗುತ್ತದೆ. ಕೆಳಗಿನ ಗೇರುಗಳಲ್ಲಿ ನರಳುವ ಗಾಡಿ ನಾಲ್ಕನೆಯದರಲ್ಲಿ ಶಾಂತವಾದರೆ ತೊಂದರೆ ಲೇ ಶಾಫ್ಟ್‌ನ ಕಡೆಯದು. ಎಲ್ಲ ಗೇರುಗಳಲ್ಲೂ ಗಾಡಿಯ ವೇಗಕ್ಕೆ ತಕ್ಕಂತೆ ಏರಿಳಿಯುವ ಸದ್ದಾದರೆ ಟ್ರಾನ್ಸ್‌ಫರ್ ಕೇಸ್ ಅಥವಾ ಎಡ ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಕಡೆ ಹುಡುಕಬೇಕು. ಆದರೆ ಜಿಪ್ಸಿಯ ಟ್ರಾನ್ಸ್‌ಫರ್ ಕೇಸ್ ಸಾಮಾನ್ಯ ಓಡಾಟದ ಹೈ ರೇಂಜ್‌ನಲ್ಲೂ ಹಲ್ಲುಗಳ ಮೂಲಕವೇ ಶಕ್ತಿ ಸಾಗಿಸುವುದರಿಂದ, ಸಣ್ಣಗಿನ ಏಕಸ್ವರದ ಸದ್ದು ಹೊಸ ಗಾಡಿಯಲ್ಲೂ ಇತ್ತು, ಅದಕ್ಕೆ ಗಾಬರಿಯಾಗಬೇಕಿಲ್ಲ.

ತೋಟದ ಇಳಿಜಾರಿನಲ್ಲಿ ಎರಡನೆಯ ಗೇರಿನಲ್ಲಿ ಇಳಿಯುತ್ತ ಆಕ್ಸಿಲರೇಟರ್ ಪೂರ್ತಿ ಬಿಟ್ಟಾಗ ಗೇರ್ ತಾನಾಗಿ ನ್ಯೂಟ್ರಲ್‌ಗೆ ಜಾರಿದರೆ, ಆ ಗಾಡಿಯಲ್ಲಿ ಜನರನ್ನು ಕೂರಿಸಿ ಘಟ್ಟ ಇಳಿಯುವುದು ತೀರ ಅಪಾಯ. ಎಂಜಿನ್ನಿನ ಹಿಡಿತ ತಪ್ಪಿ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಇದನ್ನು ರಿಪೇರಿ ಮಾಡಿಸದೆ ಓಡಿಸಬೇಡಿರೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಸದ್ದಿಗಿಂತ ನಿಜ ಹೇಳುವುದು ಎಣ್ಣೆ. ಗಾಡಿ ಬಿಸಿಯಾಗಿರುವಾಗ ಗೇರ್‌ಬಾಕ್ಸಿನ ಡ್ರೈನ್ ಬೋಲ್ಟ್ ಬಿಚ್ಚಿ, ಎಣ್ಣೆಯನ್ನು ಬಿಳಿಯ ತಟ್ಟೆಯಲ್ಲಿ ಹಿಡಿದು ಬಿಸಿಲಿಗೆ ಒಡ್ಡಿರಿ. ಬೆರಳಿಗೆ ಅಂಟುವ ನುಣುಪಾದ ಬೂದುಬಣ್ಣದ ಲೇಪ ವಯಸ್ಸಿನ ಸಹಜ ಲಕ್ಷಣ. ಹಳದಿಯ ಮಿನುಗು ಕಂಡರೆ ಗೇರ್ ಬದಲಿಸುವಾಗ ವೇಗ ಹೊಂದಿಸುವ ಹಿತ್ತಾಳೆಯ ಸಿಂಕ್ರೊನೈಸರ್ ರಿಂಗ್ ತೇಯುತ್ತಿದೆ. ಗೇರ್ ಇಳಿಸುವಾಗ ಕರಕರ ಎನ್ನುವ ಗಾಡಿಯಲ್ಲಿ ಇದು ಸಾಮಾನ್ಯವಾಗಿ ಕಾಣುತ್ತದೆ. ಉಗುರಿಗೆ ತಾಗುವ ಉಕ್ಕಿನ ಚಕ್ಕೆ ಸಿಕ್ಕರೆ ಮಾತ್ರ ಬೇರಿಂಗೋ ಹಲ್ಲೋ ಒಡೆದಿದೆಯೆಂದು ತಿಳಿದು ಬಿಚ್ಚಿಸಬೇಕು. ಹಾಲು ಬೆರೆತಂತಹ ಎಣ್ಣೆ ಹೊಳೆ ದಾಟಿದಾಗ ನೀರು ಒಳಹೊಕ್ಕಿದ್ದರ ಗುರುತು. ಮಾರುವವರು ಎರಡು ದಿನದ ಹಿಂದಷ್ಟೇ ಎಣ್ಣೆ ಬದಲಿಸಿದ್ದರೆ ಈ ಪರೀಕ್ಷೆಯಿಂದ ಹೆಚ್ಚೇನೂ ತಿಳಿಯದು. ಆಗ ಕಿವಿಯನ್ನೂ ಕೈಯನ್ನೂ ನಂಬಬೇಕು.

ಕೊನೆಯದಾಗಿ ಫೋರ್ ವೀಲ್ ಲಿವರ್. ಈ ಗಾಡಿಗೆ ಮುಂದಿನ ಹಿಂದಿನ ಶಾಫ್ಟುಗಳು ಬೇರೆ ವೇಗದಲ್ಲಿ ತಿರುಗಲು ಬಿಡುವ ನಡುವಿನ ಡಿಫರೆನ್ಷಿಯಲ್ ಇಲ್ಲದ ಕಾರಣ, ಒಣ ಟಾರು ರಸ್ತೆಯಲ್ಲಿ ಫೋರ್ ವೀಲ್ ಹಾಕಿ ತಿರುವು ತೆಗೆದುಕೊಂಡರೆ ಶಾಫ್ಟುಗಳು ಬಿಗಿದುಕೊಂಡು ಲಿವರ್ ಮತ್ತೆ ಟೂ ವೀಲ್‌ಗೆ ಮರಳದು. ಅದು ಸವೆತವಲ್ಲ. ಕೆಲವು ಅಡಿ ನೇರವಾಗಿ ರಿವರ್ಸ್ ತೆಗೆದುಕೊಂಡರೆ ಬಿಗಿ ಬಿಟ್ಟು ಲಿವರ್ ಹಗುರವಾಗುತ್ತದೆ. ಒದ್ದೆ ಮಣ್ಣಿನ ಏರಿನಲ್ಲಿ ನಿಧಾನವಾಗಿ ಹೆಚ್ಚು ಎಳೆಯುವ ಲೋ ರೇಂಜ್ ಹಾಕಿ ಹತ್ತಿಸುವಾಗ ಲಿವರ್ ತಾನಾಗಿ ಕಳಚಿಕೊಂಡರೆ ಮಾತ್ರ ಟ್ರಾನ್ಸ್‌ಫರ್ ಕೇಸ್ ಬಿಚ್ಚಿಸಿ ನೋಡುವ ಕಾಲ ಬಂದಿದೆ. ನಮಸ್ಕಾರ.