ಕೊಕ್ಕೆಹುಳುವಿನ ಬೆನ್ನು ಹತ್ತಿದ ವಿಜ್ಞಾನಿ

ಕೇಳುಗರಿಗೆಲ್ಲ ನಮಸ್ಕಾರ.

ಪ್ರತಿ ವರ್ಷ ಫೆಬ್ರವರಿಯಲ್ಲಿ ಶಾಲೆ, ಅಂಗನವಾಡಿಗಳಲ್ಲಿ ಮಕ್ಕಳಿಗೆ ಜಂತುಹುಳುವಿನ ಮಾತ್ರೆ ಕೊಡುತ್ತಾರೆ. ಆಲ್ಬೆಂಡಜೋಲ್ ಅಂತ. ಅಗಿದು ನುಂಗುವ ಮಾತ್ರೆ. ಹುಳು ಸಾಯುತ್ತದೆ, ಸರಿ. ಆದರೆ ಮಗು ಮತ್ತೆ ಅದೇ ಹಸಿ ಮಣ್ಣಿನಲ್ಲಿ ಬರಿಗಾಲಲ್ಲಿ ಓಡಾಡಿದರೆ? ಹುಳು ಮತ್ತೆ ಬರುತ್ತದೆ. ಮಾತ್ರೆ ಒಳಗಿರುವ ಹುಳುವನ್ನು ಕೊಲ್ಲುತ್ತದೆಯೇ ಹೊರತು ನಾಳೆ ಬರುವ ಹುಳುವನ್ನು ತಡೆಯುವುದಿಲ್ಲ. ಹೀಗೆ ಅಂಗಾಲಿನಿಂದ ಒಳಗೆ ಬರುವ ಜಂತುಹುಳುವೇ ಕೊಕ್ಕೆಹುಳು. ಹಾಗಾದರೆ ಇದಕ್ಕೊಂದು ಲಸಿಕೆ ಯಾಕಿಲ್ಲ? ಈ ಪ್ರಶ್ನೆಯ ಹಿಂದೆ ಬಿದ್ದು ಇಡೀ ವೃತ್ತಿಜೀವನ ಕಳೆದವರು ಅಮೆರಿಕದ ವೈದ್ಯ, ವಿಜ್ಞಾನಿ ಪೀಟರ್ ಹೋಟೆಜ್.

ಹುಟ್ಟಿದ್ದು 1958ರಲ್ಲಿ, ಕನೆಕ್ಟಿಕಟ್ ರಾಜ್ಯದಲ್ಲಿ. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿಗೆ ಅವರು ಹಿಡಿದ ವಿಷಯವೇ ಕೊಕ್ಕೆಹುಳು. ಅದು 1980ರ ದಶಕ. ಆಗಿನಿಂದ ಇವತ್ತಿನವರೆಗೂ ಅವರು ಆ ಹುಳುವನ್ನು ಬಿಟ್ಟಿಲ್ಲ.

ಹುಳು ನೋಡೋಕೆ ತೆಳ್ಳಗೆ, ಉದ್ದ ಸುಮಾರು ಒಂದು ಸೆಂಟಿಮೀಟರ್. ಆದರೆ ಅದರ ಪ್ರಯಾಣ ಕೇಳಿ. ಮಣ್ಣಿನಲ್ಲಿರುವ ಮರಿಹುಳು ಅಂಗಾಲಿನ ಚರ್ಮ ಕೊರೆದು ಒಳಗೆ ನುಗ್ಗುತ್ತದೆ. ರಕ್ತದಲ್ಲಿ ಸೇರಿ ಶ್ವಾಸಕೋಶಕ್ಕೆ ಹೋಗುತ್ತದೆ. ಅಲ್ಲಿಂದ ಗಂಟಲಿಗೆ ಏರುತ್ತದೆ, ನಾವು ಗೊತ್ತಿಲ್ಲದೆ ನುಂಗುತ್ತೇವೆ. ಕೊನೆಗೆ ಸಣ್ಣ ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತಾ ವರ್ಷಗಟ್ಟಲೆ ಕೂರುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸವನ್ನೂ ತಾನೇ ಬಿಡುತ್ತದೆ! ಒಂದೆರಡು ಹುಳು ಇದ್ದರೆ ಏನೂ ಗೊತ್ತಾಗುವುದಿಲ್ಲ. ಜಾಸ್ತಿಯಾದರೆ ರಕ್ತಹೀನತೆ. ಮಕ್ಕಳು ಸೊರಗುತ್ತಾರೆ, ಓದಿನಲ್ಲಿ ಹಿಂದೆ ಬೀಳುತ್ತಾರೆ. ಬಸುರಿಯರಿಗಂತೂ ಇನ್ನೂ ಕಷ್ಟ.

ಇನ್ನೊಂದು ವಿಷಯ ಇದೆ. ಈ ಹುಳು ನಮ್ಮ ಹೊಟ್ಟೆಯಲ್ಲಿ ಮರಿ ಮಾಡುವುದಿಲ್ಲ. ಮೊಟ್ಟೆ ಮಲದ ಜೊತೆ ಹೊರಗೆ ಹೋಗಿ ಮಣ್ಣಿನಲ್ಲೇ ಒಡೆಯಬೇಕು. ಅಂದರೆ ಲಸಿಕೆ ಪ್ರತಿಯೊಂದು ಹುಳುವನ್ನೂ ತಡೆಯಬೇಕೆಂದೇನಿಲ್ಲ. ಸಂಖ್ಯೆ ಕಡಿಮೆ ಮಾಡಿದರೂ ಸಾಕು.

2000ನೇ ಇಸವಿಯಲ್ಲಿ ಗೇಟ್ಸ್ ಪ್ರತಿಷ್ಠಾನದ ಹಣದ ನೆರವಿನಿಂದ ಕೊಕ್ಕೆಹುಳು ಲಸಿಕೆಯ ಯೋಜನೆ ಶುರುವಾಯಿತು. ಹೋಟೆಜ್ ತಂಡ ಮೊದಲು ಆರಿಸಿಕೊಂಡಿದ್ದು ಮರಿಹುಳು ಸ್ರವಿಸುವ ಒಂದು ಪ್ರೋಟೀನನ್ನು. ಅಮೆರಿಕದ ಆರೋಗ್ಯವಂತರಿಗೆ ಚುಚ್ಚಿದಾಗ ಏನೂ ತೊಂದರೆಯಾಗಲಿಲ್ಲ. ಬ್ರೆಜಿಲ್‌ನಲ್ಲಿ, ಹುಳುವಿನ ಕಾಟ ಮೊದಲೇ ಇದ್ದ ಜಾಗದಲ್ಲಿ ಚುಚ್ಚಿದರು. ಕೆಲವರಿಗೆ ಮೈತುಂಬಾ ಪಿತ್ತದ ಗಂಧೆ ಎದ್ದವು. ಕಾರಣ ಏನಂದರೆ, ಹಿಂದೆ ಎಷ್ಟೋ ಸಲ ಹುಳು ಹೊಕ್ಕಿದ್ದರಿಂದ ಅವರ ದೇಹ ಆ ಪ್ರೋಟೀನಿಗೆ ಆಗಲೇ ಅಲರ್ಜಿ ಬೆಳೆಸಿಕೊಂಡಿತ್ತು. ಲಸಿಕೆ ಯಾರಿಗೆ ಬೇಕಾಗಿತ್ತೋ ಅವರಿಗೇ ಆಗಿಬರಲಿಲ್ಲ. ಪ್ರಯೋಗ ಅಲ್ಲಿಗೇ ನಿಂತಿತು.

ಬೇರೆಯವರಾಗಿದ್ದರೆ ಇನ್ನೊಂದು ರೋಗ ಹಿಡಿಯುತ್ತಿದ್ದರೇನೋ. ಇವರು ಹುಳುವಿನ ಹೊಟ್ಟೆಯೊಳಗೇ ಕೈ ಹಾಕಿದರು. ಹುಳು ಕುಡಿದ ರಕ್ತ ಜೀರ್ಣವಾಗುವಾಗ ಹೀಮ್ ಎಂಬ ವಸ್ತು ಬಿಡುಗಡೆಯಾಗುತ್ತದೆ. ಅದು ಹುಳುವಿಗೇ ವಿಷ. ಅದರಿಂದ ಪಾರಾಗಲು ಹುಳುವಿನ ಕರುಳಿನಲ್ಲಿ ಒಂದು ಪ್ರೋಟೀನ್ ಇದೆ. ಲಸಿಕೆಯಿಂದ ನಮ್ಮ ದೇಹದಲ್ಲಿ ಹುಟ್ಟಿದ ಪ್ರತಿಕಾಯಗಳು, ಅಂದರೆ ರೋಗದ ವಿರುದ್ಧ ಹೋರಾಡುವ ಪ್ರೋಟೀನುಗಳು, ರಕ್ತದ ಜೊತೆ ಹುಳುವಿನ ಹೊಟ್ಟೆ ಸೇರಿ ಆ ಪ್ರೋಟೀನನ್ನು ಕಟ್ಟಿಹಾಕಿದರೆ, ಅದರ ಊಟವೇ ಅದಕ್ಕೆ ವಿಷವಾಗುತ್ತದೆ. ನನಗೆ ಇಡೀ ಕತೆಯಲ್ಲಿ ತುಂಬಾ ಇಷ್ಟವಾದ ಯೋಚನೆ ಇದು.

ಈ ಪ್ರೋಟೀನನ್ನು ಅವರು ತಯಾರಿಸಿದ್ದು ಯೀಸ್ಟ್‌ನಲ್ಲಿ, ಅಂದರೆ ಬ್ರೆಡ್ಡಿನ ಹಿಟ್ಟು ಉಬ್ಬಿಸುವ ಜಾತಿಯ ಸೂಕ್ಷ್ಮಜೀವಿಯಲ್ಲಿ. ಯಾಕೆ ಯೀಸ್ಟ್? ಖರ್ಚು ಕಡಿಮೆ, ಬಡ ದೇಶಗಳ ಕಾರ್ಖಾನೆಗಳಲ್ಲೂ ಮಾಡಬಹುದು. ಕೊಕ್ಕೆಹುಳು ಇರುವುದು ಬಡವರ ಹೊಟ್ಟೆಯಲ್ಲಿ, ಇದರಲ್ಲಿ ದೊಡ್ಡ ಔಷಧ ಕಂಪನಿಗಳಿಗೆ ಲಾಭ ಕಾಣುವುದಿಲ್ಲ. ಅಗ್ಗದ ದಾರಿ ಬಿಟ್ಟರೆ ಇವರಿಗೆ ಬೇರೆ ದಾರಿಯೇ ಇರಲಿಲ್ಲ.

2011ರಲ್ಲಿ ತಂಡ ಟೆಕ್ಸಸ್‌ನ ಹ್ಯೂಸ್ಟನ್‌ಗೆ ಹೋಯಿತು. ಅಲ್ಲಿ ಹೋಟೆಜ್ ಮತ್ತು ಅವರ ಬಹುಕಾಲದ ಸಹೋದ್ಯೋಗಿ ಮರಿಯಾ ಎಲೆನಾ ಬೊಟಾಝಿ ಸಾರ್ಸ್ ರೋಗಕ್ಕೂ ಲಸಿಕೆ ತಯಾರಿಸಲು ಹೊರಟರು. ಸಾರ್ಸ್ ಅಂದರೆ ಕೋವಿಡ್‌ನ ಹಾಗೇ ಒಂದು ಕೊರೊನಾ ವೈರಸ್ಸಿನಿಂದ ಬರುವ ಉಸಿರಾಟದ ಕಾಯಿಲೆ. ಸಾರ್ಸ್ ಆಗಲೇ ಮಾಯವಾಗಿತ್ತು. ಮನುಷ್ಯರ ಮೇಲೆ ಪ್ರಯೋಗಿಸಲು ಯಾರೂ ಹಣ ಕೊಡಲಿಲ್ಲ. ಲಸಿಕೆ ಫ್ರೀಜರ್ ಸೇರಿತು. 2020ರಲ್ಲಿ ಕೋವಿಡ್ ಬಂದಾಗ ಆ ಅನುಭವವೇ ಕೈಹಿಡಿಯಿತು. ಕೋವಿಡ್ ವೈರಸ್ಸಿನ ಮೈಮೇಲಿರುವ ಮುಳ್ಳಿನಂಥ ಪ್ರೋಟೀನಿನ ಒಂದು ತುಂಡನ್ನು ಅದೇ ಯೀಸ್ಟ್ ದಾರಿಯಲ್ಲಿ ಬೆಳೆಸಿದರು. ಪೇಟೆಂಟ್ ತೆಗೆದುಕೊಳ್ಳಲಿಲ್ಲ. ತಂತ್ರಜ್ಞಾನವನ್ನು ಹೈದರಾಬಾದಿನ ಬಯೊಲಾಜಿಕಲ್ ಇ ಕಂಪನಿಗೆ ಕೊಟ್ಟರು. ಅದೇ ಕೋರ್ಬೆವ್ಯಾಕ್ಸ್. 2022ರ ಮಾರ್ಚ್ 16ರಿಂದ ನಮ್ಮ 12ರಿಂದ 14 ವರ್ಷದ ಮಕ್ಕಳಿಗೆ ಹಾಕಿದ್ದು ಅದನ್ನೇ. ನಿಮ್ಮ ಮನೆಯಲ್ಲಿ ಆ ವಯಸ್ಸಿನವರು ಇದ್ದಿದ್ದರೆ ನೆನಪಿರಬಹುದು, ಅಲ್ವಾ? ಅದೇ ವರ್ಷ ಈ ಇಬ್ಬರ ಹೆಸರು ನೊಬೆಲ್ ಶಾಂತಿ ಪ್ರಶಸ್ತಿಗೆ ಸೂಚಿತವಾಯಿತು.

ಕೊಕ್ಕೆಹುಳುವಿನ ಲಸಿಕೆಯೋ, ಬ್ರೆಜಿಲ್‌ನಲ್ಲಿ, ಆಫ್ರಿಕಾದ ಗ್ಯಾಬೊನ್‌ನಲ್ಲಿ ಮನುಷ್ಯರ ಮೇಲೆ ಪ್ರಯೋಗವಾಗಿದೆ. ಇನ್ನೂ ಬಳಕೆಗೆ ಬಂದಿಲ್ಲ. ಹಾಗಾಗಿ ಸದ್ಯಕ್ಕೆ ಮಾತ್ರೆ, ಶೌಚಾಲಯ, ಕಾಲಿಗೆ ಚಪ್ಪಲಿ. ನಮಸ್ಕಾರ.